ಒಂದಳತೆ ದೊಡ್ಡದು

"ಗುರುಗಳೇ, ಇನ್ನೇನನ್ನು ತೆಗೆದುಹಾಕಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಮಠದ ಹಿಂಬದಿ ಜಗಲಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. "ಎಲ್ಲಿಂದ?" ಎಂದರು.

"ನನ್ನ ಬದುಕಿನಿಂದ. ಈ ಸಲ ದೊಡ್ಡ ಅನುಷ್ಠಾನವನ್ನೇ ಹಿಡಿದೆ. ನಿನಗೆ ಚಿಕ್ಕದು ಸಾಕು ಎಂದು ನೀವು ಹೇಳಿದಿರಿ, ನಾನು ಕೇಳಲಿಲ್ಲ. ಈಗ ಅದಕ್ಕೆ ಹೊತ್ತು ಸಾಲುತ್ತಿಲ್ಲ. ಹಾಡುವುದನ್ನು ಬಿಟ್ಟೆ. ಗೆಳೆಯರನ್ನು ಬಿಟ್ಟೆ. ದಾಸೋಹದಲ್ಲಿ ಬಡಿಸುವುದನ್ನೂ ಬಿಟ್ಟೆ. ಇವತ್ತು ಬೆಳಿಗ್ಗೆ ನನ್ನನ್ನು ಸಾಕಿದ ಅಕ್ಕ ಬಂದಿದ್ದಳು. ಜಪದ ಹೊತ್ತೆಂದು ಬಾಗಿಲು ತೆಗೆಯಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಹೋದಳು. ಆದರೂ ಸಾಲದು. ಇನ್ನೇನು ಉಳಿದಿದೆ ಹೇಳಿ, ಅದನ್ನೂ ತೆಗೆಯುತ್ತೇನೆ."

ಗುರುಗಳು ಮೊರವನ್ನು ಕೆಳಗಿಟ್ಟರು. "ಕೂತುಕೋ ತಮ್ಮಾ. ಹುಲ್ಲು ಕತ್ತರಿಸುವ ಯಂತ್ರದ ಕತೆಯೊಂದಿದೆ. ನಗಬೇಡ. ಅಥವಾ ನಗು, ಮೊದಮೊದಲು ಅದು ನಗುವ ಹಾಗೆಯೇ ಇದೆ" ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಶಾಲೆ ಮಕ್ಕಳ ಯೂನಿಫಾರಂ ಮಾರುವುದು ಅವನ ಕಸುಬು. ಜೂನ್ ತಿಂಗಳು ಬಂತೆಂದರೆ ಅವನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ತಾಯಿಯೊಬ್ಬಳು ಮಗುವನ್ನು ಮುಂದೆ ನಿಲ್ಲಿಸಿದರೆ ಸಾಕು. ವರ್ತಕ ತನ್ನ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದರೂ ಅದನ್ನು ಮುಟ್ಟುತ್ತಿರಲಿಲ್ಲ, ಕಣ್ಣಳತೆಯಲ್ಲೇ ಅಂಗಿ ಎಳೆದು ಕೊಡುತ್ತಿದ್ದ. ಜೊತೆಗೆ ಒಂದು ಮಾತು: "ಒಂದಳತೆ ದೊಡ್ಡದೇ ತಗೊಳ್ಳಿ ತಾಯೀ, ಬೆಳೆಯೋ ಮಗು." ಮಗು ಪಾಪ ತೋಳಿನೊಳಗೆ ತನ್ನ ಕೈ ಎಲ್ಲಿದೆ ಎಂದು ಹುಡುಕುತ್ತಿರುತ್ತಿತ್ತು. ಆದರೆ ಮುಂದಿನ ವರ್ಷಕ್ಕೆ ಆ ಅಂಗಿ ಸರಿಹೋಗುತ್ತಿತ್ತು. ಆ ಮಾತು ಒಮ್ಮೆಯೂ ಸುಳ್ಳಾಗಲಿಲ್ಲ. ಒಮ್ಮೆಯೂ ಸುಳ್ಳಾಗದ ಮಾತನ್ನು ಮನುಷ್ಯ ಅನುಮಾನಿಸುವುದು ಹೇಗೆ, ನೀನೇ ಹೇಳು.

ಅಂಗಡಿಯ ಗದ್ದಲದಲ್ಲಿ ಅವನು ತನ್ನ ಮನೆಯನ್ನು ಹಗಲು ಹೊತ್ತು ನೋಡಿದ್ದೇ ಕಡಿಮೆ. ಹೆಂಡತಿ ದೂರುವವಳಲ್ಲ. ಯಾವಾಗಲಾದರೂ ಬಾಯಿ ಬಿಟ್ಟರೆ, "ಅಂಗಡಿ ಬಿಟ್ಟ ಮೇಲೆ ಸಂಜೆಯೆಲ್ಲಾ ನಿಂದೇ ಕಣೇ" ಎನ್ನುತ್ತಿದ್ದ. ಆಕೆ ನಂಬಿದಳು. ನಂಬಿಕೊಂಡು ಮನೆ ಮುಂದೆ ಹುಲ್ಲು ಬೆಳೆಸಿದಳು. ಎಷ್ಟು ಹುಲ್ಲು? ನಾಲ್ಕಾರು ಜಮಖಾನ ಹಾಸುವಷ್ಟು. ಅದರ ಅಂಚಿಗೆ ಮಲ್ಲಿಗೆ ಚಪ್ಪರ, ಚಪ್ಪರದಡಿ ಒಂದು ಕಲ್ಲುಬೆಂಚು. ಆಚೆಗೆ ಬಸಳೆ, ಕರಿಬೇವು, ಪೂಜೆಗೆಂದು ದಾಸವಾಳ. ಗಂಡ ಬಿಡುವಾಗಿ ಮನೆಯಲ್ಲಿ ಉಳಿದ ಮೇಲೆ ಇಬ್ಬರೂ ಆ ಹುಲ್ಲಿನ ಮೇಲೆ ಬರಿಗಾಲು ಚಾಚಿ ಕಾಫಿ ಕುಡಿಯಬೇಕು. ಆಕೆಗೆ ಇದ್ದದ್ದು ಅಷ್ಟೇ ಆಸೆ.

ಕೊನೆಗೂ ವರ್ತಕ ಅಂಗಡಿಯನ್ನು ತಮ್ಮನಿಗೆ ವಹಿಸಿದ. ಟೇಪನ್ನು ತಂದು ಪಡಸಾಲೆಯ ಮೊಳೆಗೆ ನೇತುಹಾಕಿದ. ಮೊದಮೊದಲು ಎಲ್ಲವೂ ಸೊಗಸಾಗಿತ್ತು. ಸಂಜೆ ಇಬ್ಬರೂ ಬೆಂಚಿನ ಮೇಲೆ ಕೂತರು. ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನಾಚೆಯಿಂದ, "ಏನ್ರೀ ಸಾಹುಕಾರ್ರೇ, ಇಷ್ಟು ವರ್ಷ ಸಂಸಾರ ಮಾಡಿ ಈಗ ಹೆಣ್ಣು ನೋಡೋ ಶಾಸ್ತ್ರಾನಾ?" ಎಂದು ರೇಗಿಸಿದರು. ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಹೆಂಡತಿ ಹಾಗೆ ನಗುತ್ತಾಳೆ ಎಂಬುದೇ ವರ್ತಕನಿಗೆ ಹೊಸ ಸುದ್ದಿ.

ಆದರೆ ಹುಲ್ಲು ಬೆಳೆಯುತ್ತದಲ್ಲ. ಕುಡುಗೋಲು ಹಿಡಿದು ಕೂತರೆ ಸಂಜೆ ಅದಕ್ಕೇ ಹೋಗುತ್ತದೆ. ತಾನೇ ಓಡಾಡಿಕೊಂಡು ಹುಲ್ಲು ಕತ್ತರಿಸುವ ರೋಬೋ ಯಂತ್ರ ಬಂದಿದೆ ಎಂದು ಯಾರೋ ಹೇಳಿದರು. ಅದೊಂದಿದ್ದರೆ ಸಂಜೆ ಉಳಿಯುತ್ತದೆ ಎಂದುಕೊಂಡು ಅವನು ಪೇಟೆಗೆ ಹೊರಟ. ಇದನ್ನು ಮರೆಯಬೇಡ ತಮ್ಮಾ. ಅವನು ಹೊರಟಿದ್ದು ಹೆಂಡತಿಯ ಸಂಜೆಯನ್ನು ಉಳಿಸುವುದಕ್ಕೇ.

ಅಂಗಡಿಯಲ್ಲಿ ಯಂತ್ರಗಳು ಆಮೆಗಳ ಹಾಗೆ ಸಾಲಾಗಿ ಕೂತಿದ್ದವು. ಮಾರುವವನು ಒಳ್ಳೆಯ ಮನುಷ್ಯ. "ತೋಟದ ಅಳತೆ ಹೇಳಿ ಸಾರ್, ಅದಕ್ಕೆ ತಕ್ಕದ್ದು ಕೊಡ್ತೀನಿ" ಎಂದ.

"ಅರವತ್ತು ತೊಂಬತ್ತು" ಎಂದ ವರ್ತಕ.

ಅದು ಸೈಟಿನ ಅಳತೆ. ನಮ್ಮ ಜನ ಎಲ್ಲರೂ ಹಾಗೇ ತಾನೆ? ಮನೆ ಎಷ್ಟು ದೊಡ್ಡದು ಎಂದರೆ ಸೈಟಿನ ಅಳತೆ ಹೇಳುತ್ತಾರೆ, ತೋಟ ಎಷ್ಟು ಎಂದರೂ ಅದನ್ನೇ ಹೇಳುತ್ತಾರೆ. ಸೈಟು ಕೊಂಡ ದಿನದಿಂದ ಅದು ನಾಲಿಗೆಯ ಮೇಲೆ ಕೂತುಬಿಟ್ಟಿರುತ್ತದೆ.

"ಅದ್ರಲ್ಲಿ ಮನೆ ಕಳೆದು, ಬರೀ ಹುಲ್ಲು ಎಷ್ಟು ಬರುತ್ತೆ ಸಾರ್?"

"ಮನೆ ಕಳೆದು ಸೈಟಿನ ಅಳತೆ ಹೇಳಿದೋರನ್ನ ಎಲ್ಲಾದ್ರೂ ನೋಡಿದೀರೇನ್ರೀ?"

ಮಾರುವವನು ನಕ್ಕು, ಮೂಲೆಯಲ್ಲಿದ್ದ ಒಂದು ಚಿಕ್ಕ ಯಂತ್ರವನ್ನು ತೋರಿಸಿದ. "ಊರೊಳಗಿನ ಮನೆಗೆ ಇದು ಧಾರಾಳ ಆಯ್ತು ಸಾರ್. ದೊಡ್ಡದಕ್ಕೆ ಅಷ್ಟೇ ದೊಡ್ಡ ಜಾಗ ಬೇಕು. ಸಣ್ಣ ಜಾಗದಲ್ಲಿ ದಿನವಿಡೀ ಬಿಟ್ರೆ ತಿರುಗಿದಲ್ಲೇ ತಿರುಗಿ ಬೇರು ಸಮೇತ ಸವೆಸಿಬಿಡುತ್ತೆ."

"ಇದಾ? ಇದು ಮಕ್ಕಳ ಆಟದ ಸಾಮಾನು ಕಣ್ರೀ" ಎಂದು ವರ್ತಕ ಮುಂದೆ ನಡೆದ. ಅರವತ್ತು ತೊಂಬತ್ತಕ್ಕೆ ಹೊಂದುವ ಯಂತ್ರದ ಎದುರು ನಿಂತ. ಆಮೇಲೆ ಅದರ ಪಕ್ಕದ್ದನ್ನು ನೋಡಿದ. ಬಾಯಿಂದ ಹಳೆಯ ಮಾತು ತಾನಾಗಿ ಬಂತು. "ಒಂದಳತೆ ದೊಡ್ಡದೇ ಕೊಡಿ."

ಯಂತ್ರ ಮನೆಗೆ ಬಂತು. ಹುಲ್ಲಿನ ಅಂಚಿನ ಸುತ್ತ ಒಂದು ತಂತಿ ಹೂತರು, ಯಂತ್ರ ಅದನ್ನು ದಾಟುವುದಿಲ್ಲ. ಕರೆಂಟು ತುಂಬಿಕೊಳ್ಳಲು ಅದಕ್ಕೊಂದು ಗೂಡು, ಕೆಲಸ ಮುಗಿದರೆ ತಾನೇ ಬಂದು ಸೇರಿಕೊಳ್ಳುತ್ತದೆ. ಗೂಡಿಗೆ ಮಟ್ಟಸವಾದ ನೆಲ ಬೇಕು. ಆ ಅಂಗಳದಲ್ಲಿ ಅಂಥ ನೆಲ ಇದ್ದದ್ದು ಹೊಸಿಲ ಮುಂದೆ ಮಾತ್ರ, ಆಕೆ ದಿನಾ ರಂಗೋಲಿ ಹಾಕುವಲ್ಲಿ.

"ಸ್ವಲ್ಪ ಪಕ್ಕಕ್ಕೆ ಹಾಕೇ" ಎಂದ ವರ್ತಕ.

"ಹಾಕ್ತೀನಿ ಬಿಡಿ. ಲಕ್ಷ್ಮೀಗೂ ಹೇಳಿಬಿಡಿ, ಗೂಡು ಸುತ್ತಿಕೊಂಡು ಬಾರಮ್ಮ ಅಂತ" ಎಂದಳು ಆಕೆ. ಇಬ್ಬರೂ ನಕ್ಕರು.

ಯಂತ್ರ ಹೊರಟಿತು. ಲೋಟದ ಕಾಫಿ ಅರ್ಧ ಆಗುವಷ್ಟರಲ್ಲಿ ಹುಲ್ಲು ಮುಗಿಸಿ ಗೂಡಿಗೆ ಬಂದು ಕೂತಿತು. ವರ್ತಕನಿಗೆ ಸರಿಬೀಳಲಿಲ್ಲ. ಅಂಗಡಿಯಲ್ಲಿ ಯಾರಾದರೂ ಸುಮ್ಮನೆ ಕೂತರೆ ಅವನಿಗೆ ಮೈಯುರಿಯುತ್ತಿತ್ತು, ಇಲ್ಲಿಯೂ ಹಾಗೇ ಆಯಿತು. ಇಷ್ಟು ದೊಡ್ಡ ಯಂತ್ರ ಹೀಗೆ ಕೂತಿರುವುದೇ? ಇನ್ನೊಮ್ಮೆ ಬಿಟ್ಟ. ಮತ್ತೊಮ್ಮೆ ಬಿಟ್ಟ. ಕೊನೆಗೆ ಬೆಳಗಿನಿಂದ ಸಂಜೆಯವರೆಗೆ ತಾನಾಗಿ ಹೊರಟು ತಿರುಗುವ ಹಾಗೆ ಹೊತ್ತು ಗೊತ್ತುಮಾಡಿದ. ಸಂಜೆ ಈಗ ಅವನು ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ಯಂತ್ರದ ಹಿಂದೆ ನಡೆಯುತ್ತಿದ್ದ.

ಹುಲ್ಲು ಹಳದಿಯಾಯಿತು. ಆಮೇಲೆ ಅಲ್ಲಲ್ಲಿ ಕೆಂಪು ಮಣ್ಣು ಕಂಡಿತು.

"ರೀ, ದಿನಾ ಕ್ಷೌರ ಮಾಡಿದ್ರೆ ತಲೆ ಏನಾಗುತ್ತೆ? ಅದನ್ನ ಸ್ವಲ್ಪ ಸುಮ್ನಿರಿಸಿ" ಎಂದಳು ಹೆಂಡತಿ.

"ಯಂತ್ರದ್ದೇನೂ ತಪ್ಪಿಲ್ಲ ಕಣೇ, ಜಾಗ ಸಾಲದು" ಎಂದ.

ನಗು ಮುಗಿಯುವುದು ಇಲ್ಲಿಗೆ.

ಮೊದಲು ಬಸಳೆ ಹೋಯಿತು. ಅಲ್ಲಿ ಹೊಸ ಹುಲ್ಲು ತಂದು ಹಾಸಿದ, ತಂತಿ ಆಚೆಗೆ ಸರಿಯಿತು. ಆ ಹುಲ್ಲೂ ಸವೆಯಿತು. ಕರಿಬೇವು ಹೋಯಿತು, ತಂತಿ ಇನ್ನೂ ಆಚೆಗೆ ಸರಿಯಿತು. ದಾಸವಾಳ ಹೋಯಿತು. ಆಕೆ ದೇವರಿಗೆ ಪೇಟೆಯ ಹೂ ತರಿಸತೊಡಗಿದಳು. ಪ್ರತಿ ಸಲವೂ ವರ್ತಕನಿಗೆ, ಇಷ್ಟು ತೆಗೆದರೆ ಸಾಕು, ಇನ್ನು ಸರಿಹೋಗುತ್ತದೆ ಎಂದೇ ಅನ್ನಿಸುತ್ತಿತ್ತು. ಅದು ಸೋಗಲ್ಲ, ಅವನು ನಿಜವಾಗಿಯೂ ಹಾಗೆ ನಂಬಿದ್ದ. ಸರಿಹೋದ ಮೇಲೆ ಹೆಂಡತಿಯ ಜೊತೆ ಕೂರಬೇಕೆಂದೂ ಇದ್ದ.

ಯಂತ್ರ ಕಲ್ಲುಬೆಂಚಿಗೆ ಬಂದು ಬಂದು ಬಡಿಯುತ್ತಿತ್ತು. ಆಳುಗಳನ್ನು ಕರೆಸಿ, "ಸ್ವಲ್ಪ ಪಕ್ಕಕ್ಕೆ ಇಡಿ" ಎಂದ. ಪಕ್ಕದಲ್ಲಿ ಜಾಗ ಇರಲಿಲ್ಲ. ಬೆಂಚು ರಸ್ತೆಗೆ ಹೋಯಿತು. ಬೆಂಚಿಲ್ಲದ ಮೇಲೆ ಚಪ್ಪರ ಯಾಕೆ? ಚಪ್ಪರ ಕಿತ್ತ ದಿನ ಆಕೆ ಎಳೆಯ ಮೊಗ್ಗು, ಬಲಿತ ಮೊಗ್ಗು ಎನ್ನದೆ ಎಲ್ಲವನ್ನೂ ಬಿಡಿಸಿ ಸೆರಗಿಗೆ ತುಂಬಿಕೊಂಡು ಒಳಗೆ ಹೋದಳು. ಮಾಲೆ ಕಟ್ಟಲಿಲ್ಲ. ಮಾರನೆಯ ದಿನ ಮೊಗ್ಗುಗಳು ತಟ್ಟೆಯಲ್ಲಿ ಕಂದಿಹೋಗಿದ್ದುದನ್ನು ವರ್ತಕ ನೋಡಿದ. ನೋಡಿ, ಗಡಿಯಾರವನ್ನೂ ನೋಡಿ, ಯಂತ್ರದ ಹೊತ್ತಾಯಿತೆಂದು ಹೊರಗೆ ಹೋದ.

ಒಂದು ಸಂಜೆ ಅವನೇ ಹೆಂಡತಿಯನ್ನು ಕರೆದ. "ಬಾರೇ, ಈಗ ನೋಡು, ಎಷ್ಟು ವಿಶಾಲವಾಗಿದೆ!"

ಆಕೆ ಅಡುಗೆಮನೆಯಿಂದ ಕುರ್ಚಿ ತಂದು ಅಂಗಳದಲ್ಲಿ ಹಾಕಿಕೊಂಡು ಕೂತಳು. ಎರಡು ಲೋಟ ಕಾಫಿಯನ್ನೂ ತಂದಿದ್ದಳು. ಯಂತ್ರ ಬಂದು ಕುರ್ಚಿಯ ಕಾಲಿಗೆ ತಾಗಿ ಹಿಂದೆ ಸರಿಯಿತು. ಮತ್ತೆ ಬಂದು ತಾಗಿತು. ಆಕೆ ಕಾಲು ಮೇಲಕ್ಕೆಳೆದುಕೊಂಡಳು.

"ಸ್ವಲ್ಪ ಪಕ್ಕಕ್ಕೆ..." ಎಂದ ವರ್ತಕ.

ಆಕೆ ಎದ್ದಳು. ಕುರ್ಚಿಯನ್ನು ಒಂದು ಕೈಯಲ್ಲಿ ಎತ್ತಿಕೊಂಡಳು. "ಇನ್ನೆಷ್ಟು ಪಕ್ಕಕ್ಕೆ ಹೋಗಲಿ ರೀ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಅವನು ಯಂತ್ರದ ಕಡೆ ತಿರುಗಿದ್ದ. ಚಕ್ರಕ್ಕೇನೋ ಸಿಕ್ಕಿಕೊಂಡಿತ್ತು, ಬಗ್ಗಿ ಅದನ್ನು ಬಿಡಿಸುತ್ತಿದ್ದ. ಆಕೆ ಒಳಗೆ ಹೋದಳು. ಆಮೇಲೆ ಅಂಗಳಕ್ಕೆ ಬರಲಿಲ್ಲ.

ಬಂದದ್ದು ಇನ್ನೊಂದೇ ಸಲ. ಆ ಬೆಳಿಗ್ಗೆ ಆಕೆ ಹಾಸಿಗೆಯಿಂದ ಏಳಲಿಲ್ಲ. ನೆಂಟರು ಬಂದರು, ಬೀದಿಯವರು ಬಂದರು. ಆಕೆಯನ್ನು ತಂದು ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದರು. ವರ್ತಕ ತಲೆಯ ಬಳಿ ಕೂತಿದ್ದ. ಆ ಹೊತ್ತಿನಲ್ಲಿ ಯಂತ್ರದ ನೆನಪು ಯಾರಿಗಿರುತ್ತದೆ? ಅದು ತನ್ನ ಹೊತ್ತಿಗೆ ಸರಿಯಾಗಿ ಗೂಡಿನಿಂದ ಹೊರಟಿತು. ಜನ ದಾರಿ ಬಿಟ್ಟರು. ಅದು ನೇರವಾಗಿ ಬಂದು ಚಾಪೆಯ ಅಂಚಿಗೆ ತಾಗಿ ಹಿಂದೆ ಸರಿಯಿತು. ಮತ್ತೆ ಬಂದು ತಾಗಿತು.

ವರ್ತಕನ ಬಾಯಿ ತಾನಾಗಿ ಆಡಿತು. "ಸ್ವಲ್ಪ ಪಕ್ಕಕ್ಕೆ ಸರಿಸಿ."

ಅಳುತ್ತಿದ್ದವರು ಅಳುವುದನ್ನು ನಿಲ್ಲಿಸಿದರು. ಯಾವುದನ್ನು ಸರಿಸಬೇಕೆಂದು ಯಾರೂ ಕೇಳಲಿಲ್ಲ. ಅವನು ನೋಡುತ್ತಿದ್ದದ್ದು ಚಾಪೆಯ ಕಡೆಗೆ. ತಾನು ಏನು ಹೇಳಿದೆನೆಂದು ಅವನಿಗೆ ತಿಳಿದದ್ದು ಎಲ್ಲರ ಮುಖ ನೋಡಿದ ಮೇಲೆ. ಮೇಷ್ಟ್ರು ಬಂದು ಯಂತ್ರವನ್ನು ಎತ್ತಿ ಮಗುಚಿ ಹಾಕಿದರು. ಅದು ಸ್ವಲ್ಪ ಹೊತ್ತು ಗಾಳಿಯಲ್ಲಿ ಚಕ್ರ ತಿರುಗಿಸುತ್ತಾ ಇತ್ತು.

ಕರ್ಮವೆಲ್ಲ ಮುಗಿದು ನೆಂಟರು ಹೋದ ಮೇಲೆ ವರ್ತಕ ಮೊಳೆಯಲ್ಲಿದ್ದ ಟೇಪನ್ನು ತೆಗೆದುಕೊಂಡ. ಹೆಂಡತಿ ಮೊದಲು ಹುಲ್ಲು ಬೆಳೆಸಿದ್ದು ಎಲ್ಲಿಂದ ಎಲ್ಲಿಯವರೆಗೆ ಎಂದು ನೆನಪು ಮಾಡಿಕೊಳ್ಳುತ್ತಾ, ಮಂಡಿಯೂರಿ, ಬರಿ ಮಣ್ಣಿನ ಮೇಲೆ ಟೇಪು ಹಿಡಿದು ಅಳೆದ. ಯಂತ್ರದ ಅಂಗಡಿಯ ಮೂಲೆಯಲ್ಲಿದ್ದ ಆ ಆಟದ ಸಾಮಾನು ಅದಕ್ಕೆ ಸರಿಯಾಗಿ ಹೊಂದುತ್ತಿತ್ತು. ಆಮೇಲೆ ಕಾಂಪೌಂಡಿನಿಂದ ಕಾಂಪೌಂಡಿಗೆ ಅಳೆದ. ಮನೆ ನಿಂತ ಜಾಗವನ್ನೂ ಮನಸ್ಸಿನಲ್ಲೇ ಕೂಡಿಸಿದ. ಮನೆಯನ್ನು ಕೆಡವಿ ಅಲ್ಲಿಯೂ ಹುಲ್ಲು ಹಾಸಿದರೂ ಆ ಯಂತ್ರಕ್ಕೆ ಸಾಲುತ್ತಿರಲಿಲ್ಲ. ಅವನು ಕೊಂಡದ್ದು ಒಂದಳತೆ ದೊಡ್ಡದಲ್ಲವೇ.

ಈಗ ಆ ಅಂಗಳದಲ್ಲಿ ಒಂದು ಎಳೆ ಹುಲ್ಲಿಲ್ಲ. ಆದರೂ ಯಂತ್ರ ದಿನಾ ಹೊರಡುತ್ತದೆ, ಮಣ್ಣಿನ ಮೇಲೆ ಧೂಳೆಬ್ಬಿಸಿಕೊಂಡು ತಿರುಗುತ್ತದೆ. ವರ್ತಕ ಹೊಸಿಲ ಮೇಲೆ ಕೂತು ನೋಡುತ್ತಿರುತ್ತಾನೆ. ರಂಗೋಲಿಯ ಜಾಗದಲ್ಲಿ ಗೂಡು ಹಾಗೇ ಇದೆ.

ಒಮ್ಮೆ ಮೇಷ್ಟ್ರು ತಡೆಯಲಾರದೆ, "ಇನ್ನಾದ್ರೂ ಅದನ್ನ ನಿಲ್ಸಬಾರ್ದೇನ್ರೀ?" ಎಂದರು.

"ಬೇಡ ಮೇಷ್ಟ್ರೇ" ಎಂದ ವರ್ತಕ. "ಸಂಜೆಯಾದ್ರೆ ಈ ಮನೆಗೆ ಬರೋದು ಅದೊಂದೇ."

ಗುರುಗಳು ಕತೆ ನಿಲ್ಲಿಸಿ ಮೊರವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡರು.

ಶಿಷ್ಯ ನಿಟ್ಟುಸಿರು ಬಿಟ್ಟ. "ಅವನು ಕೊಳ್ಳುವ ಮೊದಲೇ ಅಳೆದು ನೋಡಬೇಕಿತ್ತು ಗುರುಗಳೇ" ಎಂದ.

ಗುರುಗಳು ಒಂದು ಕಾಯಿಯ ನಾರನ್ನು ತುದಿಯಿಂದ ತುದಿಗೆ ಎಳೆದರು.

"ಬೆಳಿಗ್ಗೆ ನಿನ್ನ ಅಕ್ಕ ಬಾಗಿಲಲ್ಲಿ ನಿಂತಿದ್ದಳಲ್ಲ, ಎಷ್ಟು ಜಾಗ ಹಿಡಿದಿದ್ದಳು?"