ಒರತೆಗೆ ಹಾಕಿದ ಮಣ್ಣು

“ಗುರುಗಳೇ, ಮೋಸ ಮಾಡುವ ಸರ್ಕಾರಕ್ಕೆ ನಾವೂ ಮೋಸ ಮಾಡಿದರೆ ತಪ್ಪೇನು?” ಎಂದು ಶಿಷ್ಯ ಮುದ್ದವೀರ ಕೇಳಿದ. ಅವನ ಅಣ್ಣನ ಹೊಲದ ಗುತ್ತಿಗೆ ಯುಗಾದಿಗೆ ಮುಗಿಯುವುದಿತ್ತು. ಹೊಲದ ಮರ ಕಡಿಯಲು ಅಣ್ಣ ಕೊಡಲಿ ಮಸೆದಿಟ್ಟಿದ್ದಾನೆಂಬುದು ಗುರುಗಳಿಗೂ ತಿಳಿದಿತ್ತು. ಅವರು ಈ ಕತೆ ಹೇಳಿದರು.

ಬಿಳಿಯ ದೊರೆಗಳು ಒಬ್ಬ ರೈತನಿಗೆ ಬಂಜರು ನೆಲವನ್ನು ಇಪ್ಪತ್ತು ವರ್ಷದ ಗುತ್ತಿಗೆಗೆ ಕೊಟ್ಟರು. ಅವನು ಕಲ್ಲು ಆಯ್ದ, ಬದು ಹಾಕಿದ, ಬಾವಿ ತೋಡಿದ. ಒರತೆ ಕಂಡ ದಿನ ಅವನ ಹೆಂಡತಿ ಅರಿಸಿನ ಕುಂಕುಮವಿಟ್ಟು ಗಂಗಮ್ಮನ ಮಡಿಲು ತುಂಬಿದಳು. ಆ ನೀರಿಗೆ ನಿಂಬೆಯ ತೋಟ ಎದ್ದಿತು.

ಗುತ್ತಿಗೆ ಮುಗಿಯುತ್ತ ಬಂತು. ದೊರೆಗಳ ಕಾನೂನು ಎಂಥದ್ದು ಕೇಳು. ನೆಲ ಇನ್ನೂ ಬಂಜರಾಗಿದ್ದರೆ ಹಳೆಯ ಕಂದಾಯಕ್ಕೇ ಅದೇ ರೈತನಿಗೆ, ಹಸಿರಾಗಿದ್ದರೆ ಹರಾಜಿಗೆ. ಬೆವರು ಸುರಿಸಿದವನಿಗೆ ದಂಡ, ಕೈಕಟ್ಟಿ ಕೂತವನಿಗೆ ಬಹುಮಾನ. ಥೂ, ಅದೂ ಒಂದು ನ್ಯಾಯವೇ? ಪಕ್ಕದ ಹೊಲದವನ ತೋಟ ಹಾಗೆಯೇ ಹರಾಜಾಗಿ ಒಬ್ಬ ವರ್ತಕನ ಪಾಲಾಗಿತ್ತು. ಈಗ ಆ ಹೊಲದವನು ತಾನೇ ನೆಟ್ಟ ಗಿಡಗಳಿಗೆ ಕೂಲಿಯವನಾಗಿ ನೀರು ಹೊರುತ್ತಿದ್ದ. ಅದನ್ನು ಕಂಡು ರೈತ ಕೊಡಲಿ ಎತ್ತಿಕೊಂಡ.

ಅವನು ನಿಂಬೆಯ ಗಿಡಗಳನ್ನು ಕಡಿದ, ಬದು ಒಡೆದ. ಮಣ್ಣಿನ ಬುಟ್ಟಿ ಹೊತ್ತು ಬಾವಿಯ ಬಳಿ ಬಂದಾಗ ಹೆಂಡತಿ ಅಡ್ಡ ನಿಂತಳು.

“ಮಡಿಲು ತುಂಬಿದ ಗಂಗಮ್ಮನ ಬಾಯಿಗೆ ಮಣ್ಣು ಹಾಕುತ್ತೀರಾ?”

“ಸುಮ್ಮನಿರೇ. ಕಂದಾಯದ ಸಾಹೇಬ ನೋಡಿ ಹೋಗುವ ತನಕ ಅಷ್ಟೇ. ತೋಡಿದ ಕೈಗೆ ಮತ್ತೆ ತೋಡಲು ಬಾರದೇ?”

ಅವಳು ಪಕ್ಕಕ್ಕೆ ಸರಿದಳು. ಒಂದೊಂದು ಬುಟ್ಟಿ ಸುರಿಯುವಾಗಲೂ ರೈತ ಅತ್ತ.

ಸಾಹೇಬ ಬಂದ, ಕುದುರೆಯಿಂದ ಇಳಿಯಲೂ ಇಲ್ಲ. ಬಂಜರು ಎಂದು ಬರೆಸಿ, ಗುತ್ತಿಗೆಯನ್ನು ಮತ್ತೆ ಅಷ್ಟೇ ವರ್ಷಕ್ಕೆ ಮುಂದುವರಿಸಿದ. ಗೆದ್ದೆನೆಂದು ರೈತ ಊರಿಗೆಲ್ಲ ಬೆಲ್ಲ ಹಂಚಿದ. ಆಮೇಲೆ ಬಾವಿಗಿಳಿದು ಮಣ್ಣು ತೆಗೆದ. ಮೊದಲಿನ ಆಳವನ್ನೂ ದಾಟಿ ಅಗೆದ. ಒಣ ಬಂಡೆ ಸಿಕ್ಕಿತು. ಒರತೆ ಬೇರೆಲ್ಲೋ ದಾರಿ ಹಿಡಿದಿತ್ತು.

ಗುತ್ತಿಗೆಯನ್ನು ನಡುವೆ ಬಿಡುವಂತಿರಲಿಲ್ಲ. ಒಣನೆಲಕ್ಕೆ ಕಂದಾಯ ಕಟ್ಟುತ್ತಲೇ ಅವನು ಮುದುಕನಾದ. ಹೆಂಡತಿ ದೂರದ ಹಳ್ಳದಿಂದ ನೀರು ಹೊತ್ತು ತಂದಳು. ಒಂದು ದಿನವೂ ಅವನನ್ನು ಬೈಯಲಿಲ್ಲ.

“ಆದರೂ ಸಾಹೇಬ ಮೋಸ ಹೋದನಲ್ಲ, ಗುರುಗಳೇ?” ಎಂದ ಮುದ್ದವೀರ.

ಗುರುಗಳು ಹೇಳಿದರು: “ಸಾಹೇಬ ಆ ಸುಳ್ಳನ್ನು ಅಂದೇ ಮರೆತ; ಒರತೆ ಅದನ್ನು ನಂಬಿತು.”