ಬೇಡ ಅನ್ನಲು ಬಾರದ ಹವಳ

ಕಡಲಿಗೆ ಇನ್ನೂ ಉಪ್ಪು ಹಿಡಿಯದ ಕಾಲ. ಮೀನುಗಳಿಗೆ ಹೆಸರಿಟ್ಟಾಗಿರಲಿಲ್ಲ. ದಡ ಯಾವ ಕಡೆ ಎಂದು ಅಲೆಗಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಗ ಹವಳ ಬೆಳ್ಳಗಿತ್ತು, ಸುಣ್ಣ ಬಳಿದ ಗೋಡೆಯಷ್ಟು ಬೆಳ್ಳಗೆ.

ಪಾಪ, ಅದಕ್ಕೆ ಕಣ್ಣಿಲ್ಲ, ಕಾಲಿಲ್ಲ. ಇರುವುದೊಂದು ಬಾಯಿ, ಅದರ ಸುತ್ತ ಪುಟ್ಟ ಪುಟ್ಟ ಬೆರಳು. ಕಡಲಮ್ಮನಿಗೆ ಮರುಕ ಬಂತು.

"ಕೂತಲ್ಲೇ ಬಾಯಿ ತೆರೆದಿರು ಮಗಳೇ. ನಾನು ಬಡಿಸಿದ್ದನ್ನು ಬೇಡ ಅನ್ನಬೇಡ" ಎಂದಳು.

ಹವಳ ಹೂಂ ಅಂದಿತು. ಬಡಿಸಿದ್ದನ್ನೆಲ್ಲ ತಿಂದಿತು. ತಿಂದಾದ ಮೇಲೆ ತಪ್ಪದೆ, "ನಿನ್ನ ಹೊಟ್ಟೆ ತಣ್ಣಗಿರಲಿ ಅಮ್ಮಾ" ಅಂದಿತು.

ಒಂದು ದಿನ ಪಾಚಿಯ ಮರಿಯೊಂದು ಏದುಸಿರು ಬಿಡುತ್ತಾ ಬಂತು. "ಅಕ್ಕಾ, ಬಸವನಹುಳು ಅಟ್ಟಿಸಿಕೊಂಡು ಬರುತ್ತಿದೆ. ಒಂದು ಮೂಲೆ ಕೊಡುತ್ತೀಯಾ?"

ಬೇಡ ಅನ್ನಲು ಹವಳಕ್ಕೆ ಬಂದರೆ ತಾನೆ? ಒಳಗೆ ಕರೆಯಿತು. ಪಾಚಿಯೂ ಸುಮ್ಮನೆ ಕೂರುವ ಜಾತಿಯಲ್ಲ. ಬಿಸಿಲಿನಲ್ಲೇ ಅಡುಗೆ ಮಾಡಿ ಅಕ್ಕನಿಗೂ ಬಡಿಸಿತು. ತನ್ನ ಬಣ್ಣವನ್ನೂ ಕೊಟ್ಟಿತು. ಉಂಡು ಬಲವಾದ ಹವಳ ಕೊಂಬೆ ಕೊಂಬೆಯಾಗಿ ಬೆಳೆಯಿತು. ಕೊಂಬೆಗಳ ಸಂದಿಯಲ್ಲಿ ಮೀನುಗಳು ಮರಿ ಮಾಡಿದವು. ಆ ಮೀನು ನಮ್ಮ ತಟ್ಟೆಗೂ ಬಂತು. ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಎಷ್ಟೋ ಕಾಲ ಹೀಗೇ ನಡೆಯಿತು. ಆಮೇಲೊಂದು ದಿನ ಹವಳದ ಬಾಯಿಗೆ ಒಂದು ನೀಲಿ ಚೂರು ಬಂತು. ಸಾಸಿವೆಗಿಂತ ಸಣ್ಣದು. ರುಚಿಯಿಲ್ಲ, ಕರಗುವುದೂ ಇಲ್ಲ. ಅಮ್ಮ ಬಡಿಸಿದ್ದಲ್ಲವೇ ಎಂದು ನುಂಗಿತು. ಮರುದಿನ ಇನ್ನೊಂದು ಬಂತು, ಅದನ್ನೂ ನುಂಗಿತು. ಹೊಟ್ಟೆ ತುಂಬಿತು, ಹಸಿವು ಮಾತ್ರ ಹೋಗಲಿಲ್ಲ. ಮೈ ಸೊರಗಿತು.

"ಅಕ್ಕಾ, ಒಲೆ ಹೂಡಲೂ ಜಾಗವಿಲ್ಲ" ಎಂದು ಪಾಚಿ ಅಳುತ್ತಾ ಹೊರಟಿತು. ಬಣ್ಣವೂ ಅದರ ಹಿಂದೆ ಹೋಯಿತು.

ಆಗಲೂ ಹವಳ ಅಂದದ್ದು ಅದೇ ಮಾತು. "ನಿನ್ನ ಹೊಟ್ಟೆ ತಣ್ಣಗಿರಲಿ ಅಮ್ಮಾ."

"ಅದು ನಾನು ಬಡಿಸಿದ್ದಲ್ಲ ಮಗಳೇ" ಎಂದು ಕಡಲಮ್ಮ ಅತ್ತಳು.

ಹರಿದ ಬಲೆ ಸರಿಮಾಡುತ್ತಾ ನಾನು ಇಷ್ಟು ಹೇಳುವಷ್ಟರಲ್ಲಿ, ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಶ್ರಾವ್ಯ ಕೇಳಿದಳು. "ಹಾಂಗಾರೆ ಆ ಚೂರು ಎಲ್ಲಿಂದ ಬಂತ್ ಅಜ್ಜಾ?"

ನೈಲಾನ್ ದಾರದ ತುದಿ ಕತ್ತರಿಸಿ ಮರಳಿಗೆ ಬಿಸಾಡುವುದು ನನ್ನ ನಲವತ್ತು ವರ್ಷದ ಅಭ್ಯಾಸ. ದಾರದ ಬಣ್ಣ ನೀಲಿ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನನ್ ಕೈಯಿಂದ್ಲೇ ಹೋಯ್ತ್ ಮಗಾ."

ಅವಳು ಬೈಯಲಿಲ್ಲ. ಒಂದು ತೆಂಗಿನ ಕರಟ ತಂದು, ಮರಳಿನಲ್ಲಿ ಬಿದ್ದಿದ್ದ ತುದಿಗಳನ್ನು ಒಂದೊಂದಾಗಿ ಹೆಕ್ಕಿ ಅದರಲ್ಲಿ ಹಾಕಿದಳು.

"ಪಾಚಿ ತಿರ್ಗಿ ಬತ್ತಾ?"

"ನೀರು ಚೊಕ್ಕ ಇದ್ರೆ ಬತ್ತ್. ಅಲ್ಲೇ ಎಲ್ಲೋ ಈಗ್ಲೂ ಕಾಯ್ತಾ ಇತ್ತ್."

ಅದಕ್ಕೇ ಇಂದಿಗೂ ಕಡಲೊಳಗೆ ಕೆಲವು ಹವಳ ಬಣ್ಣವಾಗಿ, ಕೆಲವು ಬೆಳ್ಳಗೆ ಕಾಣುತ್ತವೆ. ಅದಕ್ಕೇ ಬಲೆ ಸರಿಮಾಡುವಾಗ ನನ್ನ ಪಕ್ಕ ಒಂದು ಕರಟ ಇರುತ್ತದೆ, ಮೀನು ಉಂಡೆದ್ದ ಶ್ರಾವ್ಯ ಕಡಲಿಗೆ ಮುಖ ಮಾಡಿ, "ನಿನ್ನ ಹೊಟ್ಟೆ ತಣ್ಣಗಿರಲಿ ಅಮ್ಮಾ" ಅನ್ನುತ್ತಾಳೆ.