ಕಾಶಿಯಿಂದ ಬಂದ ಗಿಂಡಿ

ಕಾಶಿಯಲ್ಲಿ ಗಂಗೆ ತುಂಬಿಸಿಕೊಂಡು, ಬಾಯಿಗೆ ಬೆಸುಗೆ ಹಾಕಿಸಿಕೊಂಡು ಬಂದ ತಾಮ್ರದ ಗಿಂಡಿಗೆ ದೇವರ ಕೋಣೆ ಸೇರಿದ ದಿನದಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ನಿನ್ನೊಳಗಿರುವುದು ಯಾವ ತೀರ್ಥ?" ಎಂದು ಅದು ಅಡುಗೆಮನೆಯ ಮಣ್ಣಿನ ಹೂಜಿಯನ್ನು ಕೇಳಿತು.

"ಹಿತ್ತಲ ಬಾವಿಯ ನೀರು ತಾಯಿ. ಬಾಯಾರಿದವರಿಗೆ ಕೊಡುತ್ತೇನೆ."

"ನಾನು ಹಾಗೆ ಕಂಡಕಂಡವರಿಗೆ ಬಾಯಿ ತೆರೆಯುವವಳಲ್ಲ. ಅಂಬಕ್ಕಜ್ಜಿಯ ಕೊನೆಯುಸಿರಿಗೆ ನನ್ನದೊಂದು ತೊಟ್ಟು. ಆಮೇಲೆ ನೇರ ಮೋಕ್ಷ!"

ಒಂದು ಬೇಸಗೆಯ ಮಧ್ಯಾಹ್ನ ಅಂಬಕ್ಕಜ್ಜಿ ಹಪ್ಪಳ ಒಣಗಿಸುತ್ತಾ ಅಂಗಳದಲ್ಲೇ ಕುಸಿದುಬಿದ್ದಳು. "ಗಂಗೆ ತನ್ನಿ!" ಎಂದು ಕೂಗೆದ್ದಿತು. ಮಗ ಇಕ್ಕಳ ಹಿಡಿದ, ಅಳಿಯ ಸುತ್ತಿಗೆ ತಂದ. ಬೆಸುಗೆ ಜಪ್ಪಯ್ಯ ಎಂದರೂ ಬಿಡಲಿಲ್ಲ. ಅಷ್ಟರಲ್ಲಿ ಸೊಸೆ ಹೂಜಿಯನ್ನೇ ಎತ್ತಿ ತಂದು ಅಜ್ಜಿಯ ಮುಖಕ್ಕೆ ನೀರು ಚಿಮುಕಿಸಿ, ಬಾಯಿಗೆ ಹನಿಸಿದಳು. ಅಜ್ಜಿ ಕಣ್ಣು ಬಿಟ್ಟು, ಎದ್ದು ಕೂತು, "ಎಂಥಾ ಸೆಕೆಯೇ ಇದು! ಇನ್ನೊಂದು ಲೋಟ ಕೊಡು" ಎಂದಳು.

ಮನೆಮಂದಿಗೆ ಹೋದ ಜೀವ ಬಂದಂತಾಯಿತು. ಗಿಂಡಿ ಮಾತ್ರ ಮೈತುಂಬ ನೆಗ್ಗು ಬಿದ್ದು ಕುದಿಯುತ್ತಿತ್ತು.

"ಕೆಡಿಸಿಬಿಟ್ಟೆಯಲ್ಲೇ, ಹಾಳು ಹೂಜಿ! ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ಮುದುಕಿ ಉದ್ಧಾರವಾಗುತ್ತಿದ್ದಳು!"